‘ಪಾಸ್’ ಅಂದರೆ ಏನು? ಎಂಡ್ಯೂರೆನ್ಸ್ ರೈಡ್‌ನಲ್ಲಿ ಪಶುವೈದ್ಯನ ಕೆಲಸ

(ದಾವಣಗೆರೆಯಲ್ಲಿ ಯುವ ಪಶುವೈದ್ಯರು ಮತ್ತು ಕುದುರೆ ಸಾಕುವವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಮೊದಲು ದೂರದ ಲೆಕ್ಕ ಮಾಡೋಣ. ಇಲ್ಲಿಂದ ಚಿತ್ರದುರ್ಗಕ್ಕೆ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್. ಬಸ್ಸಿನಲ್ಲಿ ಹೋದರೆ ಒಂದು ಸಣ್ಣ ನಿದ್ದೆ, ಅಷ್ಟೇ. ಈಗ ಬೆಳಗಿನ ಜಾವ ಐದಕ್ಕೆ ಒಂದು ಕುದುರೆ ಏರಿ ಹೊರಡಿ. ಟಾರು ರಸ್ತೆ ಬಿಟ್ಟು ಹೊಲದ ದಾರಿ, ಕೆರೆ ಏರಿ, ಕಲ್ಲು ಗುಡ್ಡದ ಬದಿ ಹಿಡಿದು ದುರ್ಗದ ಕೋಟೆ ಮುಟ್ಟಿ. ಅದೇ ದಿನ, ಅದೇ ಕುದುರೆಯ ಮೇಲೆ ವಾಪಸ್ ಬನ್ನಿ. ಇದು 120 ಕಿಲೋಮೀಟರ್‌ನ ಎಂಡ್ಯೂರೆನ್ಸ್ ರೈಡ್. ಎಲ್ಲಕ್ಕಿಂತ ದೊಡ್ಡದು 160 ಕಿಲೋಮೀಟರ್‌ನದು. ಅಂದರೆ ಇಲ್ಲಿಂದ ಹೊರಟು ಹಿರಿಯೂರು ದಾಟಿ, ಶಿರಾ ದಾಟಿ, ಇನ್ನೂ ಮುಂದೆ.

ಕುದುರೆ ಅಂದರೆ ನಮ್ಮ ಜನಕ್ಕೆ ರೇಸ್ ಕೋರ್ಸ್ ನೆನಪಾಗುತ್ತದೆ. ಎರಡು ನಿಮಿಷದ ಓಟ, ಕೈಯಲ್ಲಿ ಟಿಕೆಟ್. ಇದು ಅದಲ್ಲ. ಇಲ್ಲಿ ಓಡುವುದಕ್ಕಿಂತ ಜಾಸ್ತಿ ಮುಖ್ಯವಾದದ್ದು ನಿಲ್ಲುವುದು. 30-40 ಕಿಲೋಮೀಟರ್‌ಗೊಮ್ಮೆ ಎಲ್ಲರೂ ನಿಲ್ಲಲೇಬೇಕು. ಆ ಜಾಗಕ್ಕೆ ವೆಟ್ ಗೇಟ್ ಅಂತ ಹೆಸರು. ಅಲ್ಲಿ ನಮ್ಮಂಥವರು ಕುತ್ತಿಗೆಗೆ ಸ್ಟೆತಸ್ಕೋಪ್ ಹಾಕಿಕೊಂಡು ಕಾಯುತ್ತಿರುತ್ತೇವೆ. ನಾವು ಸರಿ ಅಂದರೆ ಮುಂದಿನ ಸುತ್ತು. ಇಲ್ಲ ಅಂದರೆ ಜೀನು ಇಳಿಸಿ ಮನೆಗೆ.

ನಮ್ಮ ಊರಿನ ಹೆಸರಿನ ಬಗ್ಗೆ ಹತ್ತಾರು ಕಥೆಗಳಿವೆ. ದಂಡಿನ ಪ್ರಾಣಿಗಳು ದಣಿದು ಬಂದು ಇಲ್ಲಿನ ಕೆರೆಯಲ್ಲಿ ದಾಹ ತೀರಿಸಿಕೊಳ್ಳುತ್ತಿದ್ದವು, ಅದಕ್ಕೇ ಈ ಹೆಸರು ಅನ್ನುತ್ತಾರೆ ಕೆಲವರು. ಕುದುರೆಗಳನ್ನು ಸಾಲಾಗಿ ದಾವಣಿ ಹಗ್ಗಕ್ಕೆ ಕಟ್ಟುತ್ತಿದ್ದ ಕೆರೆ ಅನ್ನುತ್ತಾರೆ ಇನ್ನು ಕೆಲವರು. ಯಾವುದು ನಿಜವೋ ಇತಿಹಾಸದವರು ಹೇಳಲಿ. ನನಗಂತೂ ಎರಡೂ ಇಷ್ಟ. ಎರಡರಲ್ಲೂ ನಮ್ಮ ಊರು ಒಂದು ವೆಟ್ ಗೇಟ್.

ಈ ಆಟ ಈಗಿನ ರೂಪದಲ್ಲಿ ಶುರುವಾಗಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, 1955ರಲ್ಲಿ. ವೆಂಡೆಲ್ ರೋಬಿ ಅನ್ನುವವರು ಕೆಲವು ಜೊತೆಗಾರರನ್ನು ಕಟ್ಟಿಕೊಂಡು ಬೆಟ್ಟಗಳ ನಡುವೆ 100 ಮೈಲಿಯನ್ನು ಒಂದೇ ದಿನದಲ್ಲಿ ದಾಟಿದರು. ಟೆವಿಸ್ ಕಪ್ ಅಂತ ಅದು ಈಗಲೂ ನಡೆಯುತ್ತದೆ. 24 ಗಂಟೆಯ ಗಡುವು. ಹೊರಟವರಲ್ಲಿ ಸುಮಾರು ಅರ್ಧದಷ್ಟು ಜನರಷ್ಟೇ ಮುಗಿಸುತ್ತಾರೆ. ಅಲ್ಲಿ ಇನ್ನೊಂದು ಬಹುಮಾನ ಇದೆ, ನನಗೆ ಅದೇ ದೊಡ್ಡದು. ಮೊದಲು ಬಂದ ಹತ್ತು ಕುದುರೆಗಳಲ್ಲಿ ಯಾವುದರ ಮೈ ಎಲ್ಲಕ್ಕಿಂತ ಗಟ್ಟಿಯಾಗಿದೆ, ಯಾವುದು ಇನ್ನೂ ಮುಂದೆ ಹೋಗಬಲ್ಲದು ಅಂತ ಪಶುವೈದ್ಯರು ನೋಡಿ ಕೊಡುವ ಹ್ಯಾಗಿನ್ ಕಪ್. ಗೆದ್ದ ಕುದುರೆಗೇ ಅದು ಸಿಗಬೇಕು ಅಂತೇನಿಲ್ಲ.

ನಮ್ಮ ದೇಶದಲ್ಲಿ ಈ ಆಟದ ಹೆಸರು ಜನರ ಕಿವಿಗೆ ಬಿದ್ದಿದ್ದು ಇತ್ತೀಚೆಗೆ. ಕೇರಳದ ನಿದಾ ಅಂಜುಮ್ 2023ರಲ್ಲಿ ಫ್ರಾನ್ಸ್‌ನಲ್ಲಿ ನಡೆದ ಯುವ ಸವಾರರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 120 ಕಿಲೋಮೀಟರ್ ಮುಗಿಸಿದರು. ಆ ಸ್ಪರ್ಧೆ ಮುಗಿಸಿದ ಮೊದಲ ಭಾರತೀಯಳು ಅಂತ ಪತ್ರಿಕೆಗಳಲ್ಲೆಲ್ಲ ಬಂತು. ಆ ಹುಡುಗಿ ಮಾತಾಡುವಾಗ ‘ನಾವು ಮುಗಿಸಿದೆವು’ ಅಂದರೆ ಅದರಲ್ಲಿ ಕುದುರೆಯೂ ಸೇರಿರುತ್ತದೆ. ಇರಬೇಕಾದ್ದೇ.

ಈಗ ನಮ್ಮ ಕೆಲಸಕ್ಕೆ ಬರೋಣ. ಗೇಟ್‌ನಲ್ಲಿ ಒಂದು ಕುದುರೆ ನಮ್ಮ ಮುಂದೆ ಇರುವುದು ಐದು ನಿಮಿಷ. ಅಷ್ಟರಲ್ಲಿ ಏನು ನೋಡಬೇಕು?

ಎಲ್ಲಕ್ಕಿಂತ ಮೊದಲು ಎದೆಬಡಿತ. ಸುಮ್ನೆ ಲಾಯದಲ್ಲಿ ನಿಂತ ಕುದುರೆಯ ಎದೆ ನಿಮಿಷಕ್ಕೆ 30ರಿಂದ 40 ಸಲ ಬಡಿಯುತ್ತದೆ. ನಮ್ಮದಕ್ಕಿಂತ ನಿಧಾನ. ಜೀವ ಬಿಟ್ಟು ಓಡುವಾಗ 220 ದಾಟುತ್ತದೆ. ಎರಡರ ನಡುವೆ ಇಷ್ಟು ಅಂತರ ಇರುವುದರಿಂದಲೇ ಅದು ಅಷ್ಟು ದೂರ ಓಡಬಲ್ಲದು. ಕುದುರೆ ಸವಾರಿ ಕ್ರೀಡೆಗಳ ಅಂತರರಾಷ್ಟ್ರೀಯ ಒಕ್ಕೂಟ, ಅಂದರೆ ಎಫ್‌ಇಐ ನಿಯಮದ ಪ್ರಕಾರ ಗೇಟ್‌ಗೆ ಬಂದ ಕುದುರೆಯ ಬಡಿತ 15 ನಿಮಿಷದೊಳಗೆ 64ಕ್ಕೆ ಇಳಿಯಬೇಕು. ಕೊನೆಯ ಗೆರೆ ದಾಟಿದ ಮೇಲೆ 20 ನಿಮಿಷ. ಇಳಿಯಲಿಲ್ಲವೋ, ಆಟ ಮುಗಿಯಿತು.

ಇದರಲ್ಲಿ ಒಂದು ಚೆಂದ ಇದೆ ನೋಡಿ. ಎಷ್ಟು ಜೋರಾಗಿ ಓಡಿದೆ ಅಂತ ಯಾರೂ ಕೇಳುವುದಿಲ್ಲ. ಎಷ್ಟು ಬೇಗ ಸುಧಾರಿಸಿಕೊಂಡೆ ಅಂತ ಕೇಳುತ್ತಾರೆ. ಬಡಿತ ಇಳಿದ ಮೇಲೆ ಮಾತ್ರ ವಿಶ್ರಾಂತಿಯ ಗಡಿಯಾರ ಶುರು. ಹತ್ತು ನಿಮಿಷ ಮುಂಚೆ ಬಂದು, ಬಡಿತ ಇಳಿಯಲು ಹದಿನಾಲ್ಕು ನಿಮಿಷ ಕಾದವನು ಗಳಿಸಿದ್ದೇನೂ ಇಲ್ಲ. ಅನುಭವ ಇರುವ ಸವಾರ ಕೊನೆಯ ಒಂದು ಕಿಲೋಮೀಟರ್‌ ಇಳಿದು ಕುದುರೆಯ ಜೊತೆ ನಡೆದೇ ಬರುತ್ತಾನೆ. ಕುದುರೆ ಕಂಡರೆ ಕಾಲು ನೋವು ಅಂತ ನಮ್ಮಲ್ಲಿ ಗಾದೆ ಇದೆಯಲ್ಲ, ಈ ಆಟ ಅದನ್ನು ತಿರುಗಿಸಿ ಹಾಕುತ್ತದೆ. ಇಲ್ಲಿ ಕುದುರೆ ಇದ್ದವನೇ ಜಾಸ್ತಿ ನಡೆಯಬೇಕು.

ಆದರೆ 64 ಅನ್ನುವ ಸಂಖ್ಯೆಯನ್ನು ದೇವರು ಮಾಡಿಕೊಳ್ಳಬೇಡಿ. ಎಳೆಯ ಡಾಕ್ಟರುಗಳಿಗೆ ನಾನು ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ನೀರು ಸುರಿದು, ನೆರಳಲ್ಲಿ ನಿಲ್ಲಿಸಿ, ಪಕ್ಕದಲ್ಲಿ ಗೆಳೆಯ ಕುದುರೆಯನ್ನು ನಿಲ್ಲಿಸಿದರೆ ದಣಿದ ಕುದುರೆಯ ಬಡಿತವೂ ಒಂದು ಕ್ಷಣ 64 ಮುಟ್ಟೀತು. ಅದಕ್ಕೆ ಕೆರಿ ರಿಡ್ಜ್‌ವೇ ಅನ್ನುವ ಅಮೆರಿಕದ ಪಶುವೈದ್ಯರು ಒಂದು ಸರಳ ಉಪಾಯ ಕೊಟ್ಟರು. ಮೊದಲು ಬಡಿತ ಎಣಿಸಿ. 60 ಅಂದುಕೊಳ್ಳೋಣ. ಆಮೇಲೆ 125 ಅಡಿ ದುಲ್ಕಿ ಓಟದಲ್ಲಿ, ಅಂದರೆ ನಡಿಗೆಗಿಂತ ಜೋರು, ನಾಗಾಲೋಟಕ್ಕಿಂತ ನಿಧಾನ, ಹೋಗಿ ಬರಲಿ. ಓಟ ಶುರುವಾದ ಗಳಿಗೆಯಿಂದ ಸರಿಯಾಗಿ ಒಂದು ನಿಮಿಷಕ್ಕೆ ಮತ್ತೆ ಎಣಿಸಿ. 60 ಬಂತೋ, 58 ಬಂತೋ, ಖುಷಿ ಪಡಿ. 68, 72 ಬಂದರೆ ಆ ಕುದುರೆ ಏನೋ ಬಚ್ಚಿಡುತ್ತಿದೆ. ಎಲ್ಲೋ ನೋವಿದೆ, ಇಲ್ಲಾ ಮೈಯಲ್ಲಿ ನೀರಿಲ್ಲ, ಇಲ್ಲಾ ಒಳಗಿನ ಕಾವು ಇಳಿದಿಲ್ಲ. ಈ ಪರೀಕ್ಷೆಗೆ ಬೇಕಾದ್ದು ಒಂದು ಸ್ಟೆತಸ್ಕೋಪ್, ಒಂದು ಗಡಿಯಾರ, 125 ಅಡಿ ಸಮ ನೆಲ. ಹೊಳಲ್ಕೆರೆ ದಾರಿಯ ಯಾವ ಮಾವಿನ ತೋಪಿನಲ್ಲಿ ಬೇಕಾದರೂ ಮಾಡಬಹುದು.

ಕುದುರೆ ಬಚ್ಚಿಡುತ್ತದೆ ಅಂದೆ. ಎಮ್ಮೆಗೆ ಹುಷಾರಿಲ್ಲದಿದ್ದರೆ ಮೇವು ಬಿಟ್ಟು ಮಲಗುತ್ತದೆ, ಮನೆ ಹೆಂಗಸರು ಮಧ್ಯಾಹ್ನದೊಳಗೆ ಫೋನು ಮಾಡುತ್ತಾರೆ. ಕುದುರೆ ಬೇಟೆಗೆ ಸಿಗುವ ಜಾತಿಯ ಪ್ರಾಣಿ. ಗುಂಪಿನಲ್ಲಿ ಹಿಂದೆ ಬಿದ್ದರೆ ಸತ್ತೆ ಅಂತ ಅದರ ರಕ್ತದಲ್ಲೇ ಬರೆದಿದೆ. ಮುಂದೆ ಇನ್ನೊಂದು ಕುದುರೆ ಓಡುತ್ತಿದ್ದರೆ ಇದೂ ಓಡುತ್ತದೆ. ‘ಸರ್, ನೋಡಿ ಹೆಂಗೆ ಎಳೀತಿದೆ, ಇನ್ನೂ 50 ಕಿಲೋಮೀಟರ್ ಓಡುತ್ತೆ’ ಅಂತ ಸವಾರ ಹೇಳುವುದು ಸುಳ್ಳಲ್ಲ. ಅದು ಓಡಲೂಬಹುದು. ಆಮೇಲೆ ಬೀಳುತ್ತದೆ.

ಯಾಕೆ ಬೀಳುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಡಾಕ್ಟರುಗಳಿಗೆ ಗೊತ್ತಿರುವುದೇ. ಆದರೆ ಇಲ್ಲಿ ಕುದುರೆ ಸಾಕುವವರೂ ಕೂತಿದ್ದೀರಿ.

ಸ್ನಾಯು ಕೆಲಸ ಮಾಡುವಾಗ ಸುಡುವ ಶಕ್ತಿಯಲ್ಲಿ ಸುಮಾರು ಕಾಲು ಭಾಗ ಮಾತ್ರ ಓಟಕ್ಕೆ ಹೋಗುತ್ತದೆ. ಮಿಕ್ಕಿದ್ದೆಲ್ಲ ಬರೀ ಶಾಖ. 400 ಕಿಲೋ ತೂಕದ ಪ್ರಾಣಿ ಗಂಟೆಗಟ್ಟಲೆ ಓಡಿದರೆ ಒಳಗೆ ಒಲೆ ಹೊತ್ತಿಸಿಟ್ಟ ಹಾಗೆ. ಆ ಶಾಖ ಹೊರಗೆ ಹಾಕಲು ಕುದುರೆಗೆ ಇರುವ ದೊಡ್ಡ ದಾರಿ ಬೆವರು. ಬಿಸಿಲು ಜೋರಿದ್ದರೆ ಗಂಟೆಗೆ 10-15 ಲೀಟರ್‌ವರೆಗೂ ಬೆವರೀತು. ಒಂದು ಕೊಡ ನೀರು, ಗಂಟೆಗೆ! ಜೀನಿನ ಅಂಚಲ್ಲಿ, ತೊಡೆಗಳ ನಡುವೆ ಬಿಳಿ ನೊರೆ ಬರುತ್ತದಲ್ಲ, ಅದು ಕುದುರೆ ಬೆವರಿನಲ್ಲಿ ಲ್ಯಾಥರಿನ್ ಅನ್ನುವ ಪ್ರೋಟೀನ್ ಇರುವುದರಿಂದ. ಸೋಪಿನ ಹಾಗೆ ಕೆಲಸ ಮಾಡಿ ಬೆವರನ್ನು ಕೂದಲಿನ ತುಂಬ ಹರಡುತ್ತದೆ.

ನಮ್ಮ ಬೆವರಿಗಿಂತ ಕುದುರೆ ಬೆವರಿನಲ್ಲಿ ಉಪ್ಪು ಜಾಸ್ತಿ. ನಮಗೆ ಬೆವರಿದರೆ ನೀರು ಹೆಚ್ಚು ಹೋಗಿ, ರಕ್ತದಲ್ಲಿ ಉಪ್ಪು ಗಟ್ಟಿಯಾಗಿ, ಬಾಯಾರಿಕೆ ಆಗುತ್ತದೆ. ಕುದುರೆಗೆ ನೀರಿನ ಜೊತೆ ಉಪ್ಪೂ ಅಷ್ಟೇ ಹೋಗುತ್ತದೆ. ರಕ್ತದಲ್ಲಿ ಉಪ್ಪು ಗಟ್ಟಿಯಾಗುವುದಿಲ್ಲ, ನೀರು ಕಡಿಮೆಯಾದದ್ದು ಮಿದುಳಿಗೆ ತಿಳಿಯುವುದೇ ಇಲ್ಲ. ಹಾಗಾಗಿ 20 ಲೀಟರ್ ಕಳೆದುಕೊಂಡ ಕುದುರೆ ಬಕೆಟ್ ನೀರಿನ ಮುಂದೆ ಸುಮ್ನೆ ನಿಂತಿರುತ್ತದೆ. ‘ಕುಡೀತಾ ಇಲ್ಲ ಸರ್, ಬಾಯಾರಿಕೆ ಆಗಿಲ್ಲ ಅನ್ಸುತ್ತೆ’ ಅಂತ ಯಾರಾದರೂ ಅಂದರೆ ನನ್ನ ಎದೆಬಡಿತ 64 ದಾಟುತ್ತದೆ.

ನಮ್ಮ ಬಯಲುಸೀಮೆಯಲ್ಲಿ ಇನ್ನೊಂದು ಮೋಸ ಇದೆ. ಮಂಗಳೂರಿನ ಕಡೆ ಬೆವರು ಮೈಮೇಲೆ ಹರಿಯುವುದು ಕಾಣುತ್ತದೆ. ಆರುವುದಿಲ್ಲ, ಅದಕ್ಕೆ ಅಲ್ಲಿ ಕಾವು ಇಳಿಸುವುದು ಕಷ್ಟ. ಚಳ್ಳಕೆರೆ ಬಯಲಿನ ಒಣ ಗಾಳಿಯಲ್ಲಿ ಬೆವರು ಬಂದ ಹಾಗೇ ಆರಿಹೋಗುತ್ತದೆ. ಕುದುರೆ ಒಣಗಿ ನಿಂತಿರುತ್ತದೆ, ಆರಾಮಾಗಿದೆ ಅನ್ನಿಸುತ್ತದೆ. ಹತ್ತಿರ ಹೋಗಿ ಕುತ್ತಿಗೆ ಸವರಿ ನೋಡಿ. ಅಂಗೈಗೆ ಉಪ್ಪು ಹತ್ತುತ್ತದೆ.

ಉಪ್ಪು ಹೋದರೆ ಏನಾಗುತ್ತದೆ? ಕ್ಯಾಲ್ಸಿಯಂ, ಪೊಟ್ಯಾಶಿಯಂ, ಕ್ಲೋರೈಡ್ ಎಲ್ಲ ಏರುಪೇರಾದಾಗ ನರಗಳು ಅತಿ ಸೂಕ್ಷ್ಮವಾಗುತ್ತವೆ. ವಪೆಗೆ, ಅಂದರೆ ಉಸಿರಾಟದ ಪರದೆಗೆ ಹೋಗುವ ನರ ಹೃದಯದ ಮೇಲೇ ಹಾದು ಹೋಗುತ್ತದೆ. ಆಗ ಹೃದಯ ಒಂದೊಂದು ಸಲ ಬಡಿದಾಗಲೂ ಆ ನರ ಕೆರಳಿ ವಪೆ ಕುಪ್ಪಳಿಸುತ್ತದೆ. ಕುದುರೆಯ ಪಕ್ಕೆ ಬಿಕ್ಕಳಿಕೆ ಬಂದ ಹಾಗೆ ಟಪ್ ಟಪ್ ಅನ್ನುತ್ತದೆ. ಇಂಗ್ಲಿಷಿನವರು ಇದಕ್ಕೆ ಥಂಪ್ಸ್ ಅನ್ನುತ್ತಾರೆ. ಬಿಕ್ಕಳಿಕೆ ತಾನೇ, ನೀರು ಕುಡಿಸಿದರೆ ಹೋಗುತ್ತದೆ ಅಂತ ಬಿಡುವ ಹಾಗಿಲ್ಲ. ಇಡೀ ಮೈಯ ಲೆಕ್ಕ ತಪ್ಪಿದೆ ಅನ್ನುವುದಕ್ಕೆ ಅದು ಎಚ್ಚರಿಕೆಯ ಗಂಟೆ. ಆ ಕುದುರೆ ಅವತ್ತು ಇನ್ನೊಂದು ಹೆಜ್ಜೆ ಓಡುವಂತಿಲ್ಲ. ಮಿಲ್ಕ್ ಫೀವರ್ ಆದ, ಅಂದರೆ ಕರು ಹಾಕಿ ಮೈಯಲ್ಲಿ ಕ್ಯಾಲ್ಸಿಯಂ ಇಳಿದ ಹಸುವಿಗೆ ನಾವು ಕೊಡುವ ಅದೇ ಕ್ಯಾಲ್ಸಿಯಂ ಬಾಟಲಿ ಇಲ್ಲೂ ಕೆಲಸಕ್ಕೆ ಬರುತ್ತದೆ. ಡ್ರಿಪ್ಪಿಗೆ ಬೆರೆಸಿ, ಎದೆಗೆ ಸ್ಟೆತಸ್ಕೋಪ್ ಇಟ್ಟುಕೊಂಡೇ, ಬಹಳ ನಿಧಾನವಾಗಿ.

ಇನ್ನು ಹೊಟ್ಟೆ. ಓಡುವಾಗ ರಕ್ತವೆಲ್ಲ ಸ್ನಾಯುವಿಗೆ, ಚರ್ಮಕ್ಕೆ ಹೋಗುತ್ತದೆ. ಕರುಳಿಗೆ ಮಿಕ್ಕಿದ್ದು. ಹಾಗಾಗಿ ಪಕ್ಕೆಯ ಎರಡೂ ಕಡೆ, ಮೇಲೆ ಕೆಳಗೆ, ನಾಲ್ಕು ಜಾಗದಲ್ಲಿ ಕರುಳಿನ ಸದ್ದು ಕೇಳಬೇಕು. ಗುಡುಗುಡು ಅಂತಿದ್ದರೆ ನೆಮ್ಮದಿ. ನಿಶ್ಶಬ್ದವಾಗಿದ್ದರೆ ಹೊಟ್ಟೆಶೂಲೆ ಹೊಸ್ತಿಲಲ್ಲಿ ಕಾದು ನಿಂತಿದೆ. ಕುದುರೆಗೆ ವಾಂತಿ ಮಾಡಲೂ ಬರುವುದಿಲ್ಲ. ಒಳಗೆ ಹೋದದ್ದು ಹಿಂದಿನ ಬಾಗಿಲಿಂದಲೇ ಬರಬೇಕು. ಒಸಡು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ಬರಬೇಕು. ಮೈಯಲ್ಲಿ ನೀರು ಕಡಿಮೆಯಾಗಿದೆಯಾ ಅಂತ ಚರ್ಮ ಚಿವುಟಿ ನೋಡುವುದನ್ನು ಎಲ್ಲರೂ ಮಾಡುತ್ತಾರೆ, ನಾನೂ ಮಾಡುತ್ತೇನೆ, ಆದರೆ ಮುದಿ ಕುದುರೆಯಲ್ಲಿ ಅದನ್ನು ಪೂರ್ತಿ ನಂಬಬೇಡಿ.

ಕಾಲಿನ ವಿಷಯ ಬೇಗ ಹೇಳಿಬಿಡುತ್ತೇನೆ. ಎಂಡ್ಯೂರೆನ್ಸ್‌ನಲ್ಲಿ ಕುದುರೆಗಳು ಹೊರಬೀಳಲು ಎಲ್ಲಕ್ಕಿಂತ ದೊಡ್ಡ ಕಾರಣ ಕುಂಟು. ಲಗಾಮು ಸಡಿಲ ಬಿಟ್ಟು, ಸಮ ನೆಲದ ಮೇಲೆ ದುಲ್ಕಿ ಓಡಿಸಿ ನೋಡಬೇಕು. ದುರ್ಗದ ಕಡೆ ಚೂಪು ಕಲ್ಲು, ಪಾದದ ಅಡಿ ಜಜ್ಜುತ್ತದೆ. ದಾವಣಗೆರೆ ಕಡೆ ಎರೆಮಣ್ಣು, ಮಳೆ ಬಿದ್ದರೆ ಲಾಳವನ್ನೇ ಕಿತ್ತುಕೊಳ್ಳುತ್ತದೆ. ಜೀನಿನ ಕೆಳಗೆ, ಪಟ್ಟಿಯ ಕೆಳಗೆ ಕೈ ಹಾಕಿ ಗಾಯ ನೋಡಿ. ಬಾಯಿಯ ಅಂಚು ನೋಡಿ. ಬೆನ್ನಿನ ಎರಡೂ ಬದಿ ಒತ್ತಿ ನೋಡಿ. ಬೆನ್ನು ಒಂದೇ ಕಡೆ ನೋಯುತ್ತಿದ್ದರೆ ಸವಾರ ದಣಿದು ಒಂದು ಕಡೆಗೆ ವಾಲಿ ಕೂತಿದ್ದಾನೆ ಅಂತಲೂ ಇರಬಹುದು. ಆಗ ಕುದುರೆಯನ್ನು ಬಿಟ್ಟು ಒಮ್ಮೆ ಸವಾರನ ಮುಖ ನೋಡಿ.

ನಾನು ಇವತ್ತು ಬಂದಿರುವುದು ಮುಖ್ಯವಾಗಿ ಆ ಸವಾರನ ಬಗ್ಗೆ ಮಾತಾಡಲು.

ನಮಗೆ ಕಾಲೇಜಿನಲ್ಲಿ ಹೇಳಿಕೊಡುವುದು ಮೂಕ ಪ್ರಾಣಿಯ ಪರ ನಿಲ್ಲು ಅಂತ. ಸರಿ, ನಿಲ್ಲಬೇಕು. ಆದರೆ ಗೇಟ್‌ನಲ್ಲಿ ಕೆಲವು ಡಾಕ್ಟರುಗಳು ಸವಾರನನ್ನು ಕಳ್ಳನ ಹಾಗೆ ನೋಡುತ್ತಾರೆ. ಮಾತಿಲ್ಲ ಕಥೆಯಿಲ್ಲ, ಕುದುರೆಯ ತಪಾಸಣೆ ಕಾರ್ಡಿನಲ್ಲಿ ಬರೆದು ಕೈಗೆ ಕೊಟ್ಟು ಮುಂದಿನ ಕುದುರೆ ಕರೆಯುತ್ತಾರೆ. ಯೋಚನೆ ಮಾಡಿ. ನೀವು ಆ ಕುದುರೆಯನ್ನು ನೋಡಿದ್ದು ಐದು ನಿಮಿಷ. ಅವನು ಅದರ ಬೆನ್ನ ಮೇಲೆ ಮೂರು ಗಂಟೆ ಇದ್ದ. ಹಿಂದಿನ ಸುತ್ತಿನಲ್ಲಿ ಉಚ್ಚೆ ಹೊಯ್ದಿತಾ, ಬಣ್ಣ ಹೇಗಿತ್ತು, ಹಳ್ಳದಲ್ಲಿ ನೀರು ಕುಡಿಯಿತಾ, ಇಳಿಜಾರಿನಲ್ಲಿ ಎಡವಿತಾ, ಇವೆಲ್ಲ ಅವನೊಬ್ಬನಿಗೇ ಗೊತ್ತು. ಉಚ್ಚೆ ಕಾಫಿ ಡಿಕಾಕ್ಷನ್ ಬಣ್ಣಕ್ಕಿತ್ತು ಅಂತ ಅವನು ಹೇಳಿದರೆ ಸ್ನಾಯು ಕರಗುತ್ತಿದೆ ಅಂತ ಅರ್ಥ. ಯಾವ ಸ್ಟೆತಸ್ಕೋಪೂ ಅದನ್ನು ಹೇಳುವುದಿಲ್ಲ. ಆದರೆ ನೀವು ಕೇಳದಿದ್ದರೆ ಅವನು ಹೇಳುವುದಿಲ್ಲ. ಹೊರಗೆ ಹಾಕಿಬಿಡುತ್ತೀರಿ ಅನ್ನುವ ಹೆದರಿಕೆ ಇದ್ದರೆ ಕೇಳಿದರೂ ಹೇಳುವುದಿಲ್ಲ.

ಒಂದು ಘಟನೆ ಹೇಳುತ್ತೇನೆ. ನನ್ನದೇ ತಪ್ಪು. ಊರು, ವರ್ಷ, ಯಾರು ನಡೆಸಿದ್ದು ಅದೆಲ್ಲ ಬೇಡ.

ನಮ್ಮ ಜಿಲ್ಲೆಯ ಹೊರಗೆ ಒಂದು 80 ಕಿಲೋಮೀಟರ್‌ನ ರೈಡ್. ಎರಡನೇ ಗೇಟ್‌ಗೆ ಒಬ್ಬ ಹುಡುಗ ಬಂದ, ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸು. ಕಂದು ಬಣ್ಣದ ಮಾರ್ವಾಡಿ ಹೆಣ್ಣು ಕುದುರೆ, ಕಿವಿ ತುದಿ ಒಂದಕ್ಕೊಂದು ಮುಟ್ಟುವಂಥದ್ದು, ಬಹಳ ಚೆಂದ. ಬಡಿತ 62. ಟೈಮಿನೊಳಗೆ. ಕುಂಟು ಇಲ್ಲ. ಆದರೆ ಬಲಗಡೆ ಕರುಳಿನ ಸದ್ದು ಇರಲಿಲ್ಲ. ಒಸಡು ಮೂರು ಸೆಕೆಂಡ್ ತೆಗೆದುಕೊಂಡಿತು. ಹಸಿ ಹುಲ್ಲು ಮೂಗಿನ ಮುಂದೆ ಹಿಡಿದರೆ ಮೂಸಿ ಆಚೆ ತಿರುಗಿತು. ನನಗೆ ಮನಸ್ಸಿಗೆ ಸರಿ ಬರಲಿಲ್ಲ. ಅಷ್ಟರಲ್ಲಿ ಹಿಂದೆ ಆರು ಕುದುರೆ ಸಾಲು ನಿಂತಿದ್ದವು. ನಡೆಸುವವರಲ್ಲೊಬ್ಬರು ಬಂದು, ‘ಡಾಕ್ಟ್ರೇ, ನಂಬರ್ ಸರಿ ಇದೆಯಲ್ಲ, ಬಿಡಿ’ ಅಂದರು. ನಾನು ಕಾರ್ಡಿಗೆ ಸಹಿ ಹಾಕಿದೆ. ಮುಂದಿನ ಗೇಟ್‌ನಲ್ಲಿ ನೋಡೋಣ ಅಂದುಕೊಂಡೆ.

ಮುಂದಿನ ಗೇಟ್ 25 ಕಿಲೋಮೀಟರ್ ಆಚೆ ಇತ್ತು. ಆ ಹುಡುಗ ಕುದುರೆಯನ್ನು ಕೈಯಲ್ಲಿ ಹಿಡಿದು ನಡೆಸಿಕೊಂಡು ಬಂದ. ಪಕ್ಕೆ ಟಪ್ ಟಪ್ ಅನ್ನುತ್ತಿತ್ತು. ಕಣ್ಣು ಒಳಗೆ ಹೋಗಿತ್ತು. ರಾತ್ರಿ ಎರಡರವರೆಗೆ ಡ್ರಿಪ್ ಹಾಕಿದೆವು. ಮರದ ಕೊಂಬೆಗೆ ಐದೈದು ಲೀಟರ್‌ನ ಕ್ಯಾನ್ ನೇತುಹಾಕಿ, ಒಂದಾದ ಮೇಲೊಂದು. ಬೆಳಗಿನ ಹೊತ್ತಿಗೆ 30 ಲೀಟರ್ ಮೀರಿತ್ತು. ಉಳಿಯಿತು. ಅದು ನನ್ನ ಪುಣ್ಯ, ನನ್ನ ವಿದ್ಯೆ ಅಲ್ಲ.

ಹುಡುಗ ಇಡೀ ರಾತ್ರಿ ಕುದುರೆ ತಲೆ ಹಿಡಿದು ಕೂತಿದ್ದ. ಬೆಳಗ್ಗೆ ಟೀ ಕುಡಿಯುವಾಗ ನನ್ನನ್ನು ಒಂದೇ ಒಂದು ಮಾತು ಕೇಳಿದ. ಸಿಟ್ಟೂ ಇರಲಿಲ್ಲ ದನಿಯಲ್ಲಿ. ‘ಸರ್, ನೀವು ಪಾಸ್ ಅಂದ್ರಲ್ಲ. ನಾನು ಚೆನ್ನಾಗಿದೆ ಅಂದ್ಕೊಂಡೆ.’

ಪಾಸ್ ಅನ್ನುವ ಮಾತಿಗೆ ನಮ್ಮಿಬ್ಬರ ತಲೆಯಲ್ಲಿ ಎರಡು ಅರ್ಥ ಇದ್ದವು. ನನಗೆ ಪಾಸ್ ಅಂದರೆ ‘ನಿಲ್ಲಿಸುವಷ್ಟು ಕಾರಣ ಸಿಗಲಿಲ್ಲ’. ಅವನಿಗೆ ಪಾಸ್ ಅಂದರೆ ‘ಡಾಕ್ಟರು ನೋಡಿದ್ದಾರೆ, ಇನ್ನು ಧೈರ್ಯವಾಗಿ ಹೋಗು’. ನನ್ನ ಅನುಮಾನವನ್ನು ನಾನು ಅವನಿಗೆ ಹೇಳಲೇ ಇಲ್ಲ. ಹೇಳಿದ್ದರೆ ಅವನೇ ಇಳಿದು ನಡೆಯುತ್ತಿದ್ದ, ಇಲ್ಲವೇ ಅಲ್ಲೇ ನಿಲ್ಲಿಸುತ್ತಿದ್ದ. ಕುದುರೆಗೆ ಮಾಡಿದ ತಪ್ಪು ಒಂದಾದರೆ ಆ ಹುಡುಗನಿಗೆ ಮಾಡಿದ ತಪ್ಪು ಇನ್ನೊಂದು. ಎರಡನೆಯದನ್ನು ಯಾವ ನಿಯಮ ಪುಸ್ತಕವೂ ಹಿಡಿಯುವುದಿಲ್ಲ.

ಅವತ್ತಿನಿಂದ ನಾನು ಕಾರ್ಡ್ ಕೊಡುವಾಗ ಬಾಯಲ್ಲಿ ಒಂದು ಸಾಲು ಹೇಳಿಯೇ ಕಳಿಸುತ್ತೇನೆ. ‘ಹೋಗಬಹುದು, ಆದರೆ ಹೊಟ್ಟೆ ಸದ್ದು ಕಡಿಮೆ ಇದೆ. ಹುಲ್ಲು ತಿನ್ನದೆ ಇಲ್ಲಿಂದ ಹೊರಡಬೇಡ. ಹೊರಡುವ ಮುಂಚೆ ಇನ್ನೊಮ್ಮೆ ನನಗೆ ತೋರಿಸು.’ ಹೀಗೆ ಹೊರಡುವ ಮುಂಚೆ ಮತ್ತೆ ಕರೆಸುವ ಅಧಿಕಾರ ನಮಗೆ ಇದೆ, ಬಳಸಿಕೊಳ್ಳಿ. ಸವಾರ ಬೇಜಾರು ಮಾಡಿಕೊಳ್ಳುತ್ತಾನಾ? ಹತ್ತರಲ್ಲಿ ಒಬ್ಬ. ಮಿಕ್ಕ ಒಂಬತ್ತು ಜನ ತಾವೇ ಕರೆದುಕೊಂಡು ಬರುತ್ತಾರೆ. ಇದು ಅಂಕಿಅಂಶ ಅಲ್ಲ, ನನ್ನ ಅಂದಾಜು.

ನಿಲ್ಲಿಸುವಾಗಲೂ ಅಷ್ಟೇ. ಯಾಕೆ ನಿಲ್ಲಿಸಿದೆ ಅಂತ ಅವನ ಕೈಯಲ್ಲೇ ಸ್ಟೆತಸ್ಕೋಪ್ ಕೊಟ್ಟು ಕೇಳಿಸಿ. ಅವನ ಬೆರಳಲ್ಲೇ ಒಸಡು ಒತ್ತಿಸಿ. ಆರು ತಿಂಗಳು ಬೆಳಗ್ಗೆ ನಾಲ್ಕಕ್ಕೆ ಎದ್ದು ತಯಾರಿ ಮಾಡಿ ಬಂದಿರುತ್ತಾನೆ. ಅಪ್ಪನ ಹತ್ತಿರ ಬೈಸಿಕೊಂಡು ದುಡ್ಡು ಹಾಕಿರುತ್ತಾನೆ. ಐದು ನಿಮಿಷ ಜಾಸ್ತಿ ಕೊಡಿ ಅವನಿಗೆ.

ದುಡ್ಡಿನ ಮಾತು ಬಂತಲ್ಲ. ದುಡ್ಡಿರುವ, ಪ್ರಪಂಚದ ದೊಡ್ಡ ದೊಡ್ಡವರೂ ಬೇಡ ಅನ್ನುವ ವಿಷಯದಲ್ಲಿ ಎಡವಿದ್ದಾರೆ. 2018ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಟ್ರಯಾನ್‌ನಲ್ಲಿ ವಿಶ್ವ ಮಟ್ಟದ ಕ್ರೀಡಾಕೂಟ. ಎಂಡ್ಯೂರೆನ್ಸ್‌ಗೆ 95 ಕುದುರೆಗಳು ಹೊರಟವು. ಶುರುವಿನಲ್ಲೇ ಗೊಂದಲ, ಮತ್ತೆ ಹೊಸದಾಗಿ ಓಟ. ಸೆಕೆ, ಜೊತೆಗೆ ಗಾಳಿಯಲ್ಲಿ ತೇವ. ಬೆವರು ಆರುತ್ತಲೇ ಇಲ್ಲ. ಕೊನೆಗೆ ಮಧ್ಯದಲ್ಲೇ ರದ್ದು ಮಾಡಿದರು. 53 ಕುದುರೆಗಳಿಗೆ ಚಿಕಿತ್ಸೆ ಕೊಡಬೇಕಾಯಿತು, ಒಂದಕ್ಕೆ ದಯಾಮರಣ ಕೊಡಬೇಕಾಯಿತು. ಅಲ್ಲಿ ಒಳ್ಳೆಯ ಡಾಕ್ಟರುಗಳಿರಲಿಲ್ಲವೇ? ಇದ್ದರು. ಆದರೆ ಹವಾಮಾನ ನೋಡಿ ಬೇಡ ಅನ್ನುವ ಮಾತು ಓಟ ಶುರುವಾಗುವ ಮುಂಚೆ ಬರಬೇಕು. ಅದಾದ ಮೇಲೆ ಎಫ್‌ಇಐ ನಿಯಮಗಳನ್ನು ಬಿಗಿ ಮಾಡಿತು.

ಅದಕ್ಕೇ ಹೇಳುತ್ತೇನೆ, ನಮ್ಮ ಕಡೆ ಏಪ್ರಿಲ್‌ನಲ್ಲಿ 38 ಡಿಗ್ರಿ ಮುಟ್ಟುವುದು ಹೊಸದಲ್ಲ. ಯಾರಾದರೂ ಜಾತ್ರೆ ಜೊತೆ ಸೇರಿಸಿ ಬೇಸಿಗೆಯಲ್ಲಿ ರೈಡ್ ಇಡೋಣ ಅಂದರೆ ಪಶುವೈದ್ಯ ತಾರೀಕು ಗೊತ್ತುಮಾಡುವ ದಿನವೇ ಬೇಡ ಅನ್ನಬೇಕು. ನವೆಂಬರ್‌ನಿಂದ ಜನವರಿ, ಬೆಳಗಿನ ಜಾವ ಶುರು, ಬಿಸಿಲೇರುವ ಮುಂಚೆ ಮುಗಿಯಬೇಕು. ಮೊದಲ ವರ್ಷ 20 ಕಿಲೋಮೀಟರ್ ಸಾಕು.

ನೀರು ಸುರಿಯುವ ಬಗ್ಗೆ ಒಂದು ಮಾತು. ಬೆವರಿದ ಮೈಗೆ ತಣ್ಣೀರು ಹಾಕಬಾರದು, ನರ ಹಿಡಿಯುತ್ತದೆ ಅಂತ ನಮ್ಮ ಹಿರಿಯರು ಹೇಳುತ್ತಾರೆ. ಕುದುರೆ ಸಾಕುವವರೂ ಅದನ್ನೇ ನಂಬಿದ್ದಾರೆ. 1996ರ ಅಟ್ಲಾಂಟಾ ಒಲಿಂಪಿಕ್ಸ್ ಸೆಕೆಯಲ್ಲಿ ನಡೆಯಲಿದೆ ಅಂತ ಗೊತ್ತಾದಾಗ ವಿಜ್ಞಾನಿಗಳು ಇದನ್ನು ಕೂತು ಪರೀಕ್ಷೆ ಮಾಡಿದರು. ತಣ್ಣೀರು ಸುರಿದರೆ ಸ್ನಾಯುವಿಗೆ ಏನೂ ಆಗುವುದಿಲ್ಲ, ಕಾವು ಬೇಗ ಇಳಿಯುತ್ತದೆ ಅಂತ ತಿಳಿಯಿತು. ಮೈಪೂರ್ತಿ ಸುರಿಯಿರಿ, ಸುರಿಯುತ್ತಲೇ ಇರಿ. ಬಿಸಿ ಕುದುರೆಯ ಮೈ ಮೇಲೆ ಒದ್ದೆ ಬಟ್ಟೆ ಹೊದಿಸಿ ಬಿಡಬೇಡಿ. ಬಟ್ಟೆ ಕಾದು ಕಂಬಳಿ ಆಗುತ್ತದೆ.

ಇಲ್ಲಿ ಸ್ವಲ್ಪ ದಾರಿ ಬಿಡುತ್ತೇನೆ. ಕುದುರೆ ನಮ್ಮ ಬಯಲುಸೀಮೆಯದ್ದಲ್ಲ, ನಮ್ಮದು ಎತ್ತು ಅಂತ ಯಾರೋ ಆಗ ಅಂದಿರಿ. ಸರಿ. ಎತ್ತಿನ ಮಾತೇ ಆಡೋಣ. ಚಳ್ಳಕೆರೆಯ ಕಾವಲಿನಲ್ಲಿ ಮೇಯುತ್ತಿದ್ದ ಅಮೃತ ಮಹಲ್ ಎತ್ತುಗಳು ಹೈದರಾಲಿಯ ಫಿರಂಗಿ ಎಳೆದವು. ಚಿದಂಬರಂ ಕಡೆಗೆ ಹೈದರನ ಸೈನ್ಯ ಎರಡೂವರೆ ದಿನದಲ್ಲಿ 100 ಮೈಲಿ ದಾಟಿತು ಅಂತ ಹಳೆಯ ಗೆಜೆಟಿಯರ್‌ಗಳಲ್ಲಿ ಇದೆ. ಅದೂ ಒಂದು ಎಂಡ್ಯೂರೆನ್ಸ್ ರೈಡ್ ಅಲ್ವಾ? ದಾರಿಯಲ್ಲಿ ಎಷ್ಟು ಎತ್ತು ಬಿದ್ದವು ಅಂತ ಮಾತ್ರ ನಾನು ಎಲ್ಲೂ ಓದಿಲ್ಲ. ಗೆದ್ದವರ ಲೆಕ್ಕದಲ್ಲಿ ಅದು ಬರುವುದಿಲ್ಲ. ಇವತ್ತು ನಮ್ಮ ಎತ್ತಿನ ಗಾಡಿ ಓಟಗಳಿಗೂ ಕಾನೂನು ಒಪ್ಪಿಗೆ ಸಿಕ್ಕಿದೆ, ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಕರ್ನಾಟಕದ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಆ ಓಟದ ಕಣದಲ್ಲೂ ಸ್ಟೆತಸ್ಕೋಪ್ ಹಿಡಿದ ಒಬ್ಬ ನಿಲ್ಲಬೇಕು. ಬರೀ ಸರ್ಟಿಫಿಕೇಟ್ ಬರೆಯುವವನಲ್ಲ, ಬೇಡ ಅನ್ನಬಲ್ಲವನು.

ಬೇಡ ಅನ್ನಬೇಕಾದರೆ ಅವನು ಯಾರ ಹಂಗಿನಲ್ಲೂ ಇರಬಾರದು. ಗೇಟ್‌ನಲ್ಲಿ ತೀರ್ಪು ಕೊಡುವ ಡಾಕ್ಟರ್ ಬೇರೆ, ಚಿಕಿತ್ಸೆ ಕೊಡುವ ಡಾಕ್ಟರ್ ಬೇರೆ ಇರಲಿ. ನಿಮ್ಮ ಖಾಯಂ ಗಿರಾಕಿಯ ಕುದುರೆ ಬಂದರೆ ಪಕ್ಕದವನಿಗೆ ಕೊಡಿ. ಇನ್ನೊಂದು ಸಂಕಟ: ಚಿಕಿತ್ಸೆ ಕೊಟ್ಟರೆ ಕುದುರೆ ಸ್ಪರ್ಧೆಯಿಂದ ಹೊರಗೆ. ಅದಕ್ಕೆ ಸವಾರ ‘ಇನ್ನೊಂದು ಹತ್ತು ನಿಮಿಷ ನೋಡೋಣ ಸರ್’ ಅನ್ನುತ್ತಾನೆ. ಆ ಹತ್ತು ನಿಮಿಷಗಳಲ್ಲೇ ಕುದುರೆಗಳು ಕೈತಪ್ಪುವುದು. ನೋವಿನ ಇಂಜೆಕ್ಷನ್ ಕೊಟ್ಟು ಕಳಿಸಿ ಅನ್ನುವವರೂ ಇದ್ದಾರೆ. ನಿಯಮ ಬಿಡಿ, ಮೈಯಲ್ಲಿ ನೀರಿಲ್ಲದ ಕುದುರೆಗೆ ಆ ಔಷಧಿ ಕೊಟ್ಟರೆ ಮೂತ್ರಪಿಂಡ ಹೋಗುತ್ತದೆ. ಮೊದಲು ನೀರು, ಆಮೇಲೆ ಉಳಿದದ್ದು.

ಸವಾರನಿಗೆ ಇನ್ನೊಂದು ಋಣ ಇದೆ, ಅದು ಓಟಕ್ಕೂ ಮುಂಚಿನದು. ಗ್ಲಾಂಡರ್ಸ್. ಕುದುರೆ, ಕತ್ತೆಗಳಿಗೆ ಬರುವ ಈ ರೋಗ ಮನುಷ್ಯನಿಗೂ ಅಂಟುತ್ತದೆ, ಕೊಲ್ಲುತ್ತದೆ. ರಕ್ತ ಪರೀಕ್ಷೆಯ ವರದಿ ಇಲ್ಲದ ಕುದುರೆಯನ್ನು, ಅದು ಯಾರದ್ದೇ ಆಗಿರಲಿ, ಮೈದಾನದೊಳಗೆ ಬಿಡಬೇಡಿ. ಅನುಮಾನ ಬಂದರೆ ಹಿಸಾರ್‌ನ ರಾಷ್ಟ್ರೀಯ ಕುದುರೆ ಸಂಶೋಧನಾ ಕೇಂದ್ರದವರೆಗೂ ಹೋಗುವ ವಿಷಯ ಅದು. ಧನುರ್ವಾಯು ಚುಚ್ಚುಮದ್ದು ಕುದುರೆಗೂ ಆಗಿರಬೇಕು, ಸವಾರನಿಗೂ. ಲಾಯದ ಮಣ್ಣು ಇಬ್ಬರಿಗೂ ಒಂದೇ. ನಾವು ಮನುಷ್ಯರಿಗೆ ಔಷಧಿ ಕೊಡುವಂತಿಲ್ಲ, ಆದರೆ ತುಟಿ ಒಣಗಿ, ಕೇಳಿದ್ದಕ್ಕೆ ಇನ್ನೇನೋ ಉತ್ತರ ಕೊಡುವ ಸವಾರನನ್ನು ಕಂಡರೆ ಆಂಬುಲೆನ್ಸ್‌ನವರನ್ನು ಕೂಗಲು ಲೈಸೆನ್ಸ್ ಬೇಕಿಲ್ಲ.

ಕೊನೆಯ ಗೆರೆ ದಾಟಿ, ಮಾಲೆ ಹಾಕಿ, ಫೋಟೋ ತೆಗೆದ ಮೇಲೆ ಎಲ್ಲರೂ ಊಟಕ್ಕೆ ಹೋಗುತ್ತಾರೆ. ನಮ್ಮ ಕೆಲಸ ಆಗ ಮುಗಿಯುವುದಿಲ್ಲ. ಹೊಟ್ಟೆಶೂಲೆ, ಸ್ನಾಯು ಸೆಳೆತ ಎಷ್ಟೋ ಸಲ ಬರುವುದು ರಾತ್ರಿ, ಲಾರಿ ಹತ್ತಿಸಿದ ಮೇಲೆ. ಅದಕ್ಕೆ ದೂರದ ಕುದುರೆಗಳನ್ನು ಅವತ್ತೇ ಹತ್ತಿಸಬೇಡಿ ಅನ್ನುತ್ತೇನೆ. ಮಾಲೀಕರ ನಂಬರ್ ಬರೆದಿಟ್ಟುಕೊಂಡಿರುತ್ತೇನೆ. ಮರುದಿನ ಬೆಳಗ್ಗೆ ಆರಕ್ಕೆ ಒಬ್ಬೊಬ್ಬರಿಗೂ ಫೋನು. ಕಳೆದ ಸಲ ಒಬ್ಬರ ಹೆಂಡತಿ ಫೋನ್ ಎತ್ತಿದರು. ನಾನು ನಮಸ್ಕಾರವನ್ನೂ ಹೇಳದೆ ‘ಲದ್ದಿ ಹಾಕಿತಾ?’ ಅಂದೆ. ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ, ‘ರೀ, ನಿಮಗೇ ಇರ್ಬೇಕು’ ಅಂತ ಗಂಡನಿಗೆ ಫೋನ್ ಕೊಟ್ಟರು. ಎರಡು ಸಲ ಹಾಕಿದೆ ಸರ್, ಅಂದರು ಅವರು. ನಾನು ಪಟ್ಟಿಯಲ್ಲಿ ಆ ಹೆಸರಿನ ಮುಂದೆ ಗೀಟು ಎಳೆದು ಮುಂದಿನ ನಂಬರ್ ಒತ್ತಿದೆ.